ಒಂಟಿ ಜೋಡು

ದ್ರೋಹೋಬಿಚ್ ಊರಿನ ಉಪ್ಪಿನ ಕಾರ್ಖಾನೆಯ ಹಿಂದಿನ ಓಣಿ,
ಮೊದಲು ದಾರ, ಗುಂಡಿ ಮಾರುತ್ತಿದ್ದ ಅಂಗಡಿ ನಮ್ಮದು.
ಬಾಗಿಲ ಮೇಲೆ ಈಗ ಹೆಸರಿಲ್ಲ.
ಊರುಗೋಲಿನ ಸದ್ದಿಗೆ ದಾರಿ ಗೊತ್ತು.

ಒಳಗೆ ಎರಡು ಕಪಾಟು. ಒಂದು ಎಡ, ಒಂದು ಬಲ.
ಮೂವತ್ತೊಂಬತ್ತರಿಂದ ನಲವತ್ತಾರರವರೆಗೆ ಅಳತೆ.
ಪೋಲೆಂಡಿನ ಅಂಗಡಿಯವನೊಬ್ಬ
ಗಾಜಿನ ಹಿಂದೆ ತೋರಿಕೆಗಿಟ್ಟ ಬಲಗಾಲಿನವನ್ನಷ್ಟೇ ಕಳಿಸುತ್ತಾನೆ;
ಎಡಗಾಲಿನವಕ್ಕೆ ನಾವು ಚಂದಾ ಎತ್ತಬೇಕು.
ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಬರೆದ ಕೈ ನನ್ನದು,
ಈಗ ಹಾಜರಿರುವ ಕಾಲುಗಳನ್ನು ಬರೆಯುತ್ತದೆ:

ಹ್ನಾತ್. ನಲವತ್ಮೂರು. ಎಡ.
ಸೆವೆರಿನ್. ನಲವತ್ಮೂರು. ಬಲ. ಊರು ಕ್ರಿವಿ ರೀಹ್.

ಒಬ್ಬರ ಮುಖ ಒಬ್ಬರು ಕಂಡವರಲ್ಲ.
ಒಂದೇ ಪೆಟ್ಟಿಗೆಯ ಕಂದು ಬೂಟು
ರೊಟ್ಟಿ ಮುರಿದ ಹಾಗೆ ಮುರಿದು ಇಬ್ಬರಿಗೂ ಕೊಟ್ಟೆವು.
ಜೋಡು ಎಂಬ ಮಾತಿನ ಹಿಂದೆ ಒಂಟಿ ಎಂದು ಬರೆಯಲು
ವ್ಯಾಕರಣ ಒಪ್ಪುವುದಿಲ್ಲ. ನಾನೂ ಒಪ್ಪುತ್ತಿರಲಿಲ್ಲ,
ಮಕ್ಕಳು ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಊರುಗೋಲು ಎರಡು, ಕಾಲು ಒಂದು,
'ಮುಕ್ಕಾಲು ಬಂದ' ಎಂದು ತಾನೇ ಕೂಗಿಕೊಂಡು ಬರುತ್ತಾನೆ ಹ್ನಾತ್.
ನಗಬೇಕೋ ಬೇಡವೋ ತಿಳಿಯದೆ ನಾವು
ಸೋಸಿದ ಚಹಾ ಮತ್ತೆ ಸೋಸುತ್ತೇವೆ.

ಜೆನೋವಿಯಾ ಪ್ಯಾಂಟಿನ ಪಕ್ಕದ ಹೊಲಿಗೆ ಬಿಚ್ಚಿ
ಅಂಟುಪಟ್ಟಿ ಹಚ್ಚುತ್ತಿದ್ದಳು, ತೊಡಲು ಸಲೀಸಾಗಲೆಂದು.
ಒಂದು ದಿನ ಹುಡುಗನೊಬ್ಬ ಅದನ್ನು ಚರ್ರನೆ ಎಳೆದ,
ಮರುಗಳಿಗೆ ಮೇಜಿನ ಕೆಳಗಿದ್ದ.
ಗುಂಡುಕವಚ ಬಿಚ್ಚುವ ಸದ್ದೂ ಅದೇ ಅಂತೆ.
ಯಾರೂ ಏನೂ ಕೇಳಲಿಲ್ಲ. ಜೆನೋವಿಯಾ ಏಣಿ ಹತ್ತಿ
ಹಳೆಯ ದಾಸ್ತಾನಿನ ಗುಂಡಿ ಡಬ್ಬಿ ಇಳಿಸಿದಳು.
ಗುಂಡಿ ಸದ್ದು ಮಾಡುವುದಿಲ್ಲ.

ಹೆಂಡಂದಿರು ಗುರುವಾರ ಬರುತ್ತಾರೆ,
ಅರ್ಜಿಯ ಏಳನೇ ಪುಟ ಅರ್ಥವಾಗಲಿಲ್ಲ ಎಂಬ ನೆಪದಲ್ಲಿ.
ಪುಟ ಮುಗಿದ ಮೇಲೂ ಏಳುವುದಿಲ್ಲ.
ಹ್ನಾತ್‌ನ ಹೆಂಡತಿ ಒರಿಸ್ಯಾ ಹೇಳಿದಳು:
ಅವನು ಮಲಗುವುದು ಕಿಟಕಿಯಿಲ್ಲದ ನಡುಮನೆಯಲ್ಲಿ,
ಎರಡು ಗೋಡೆ ದಾಟಿಯೇ ಸಾವು ಬರಲಿ ಎನ್ನುತ್ತಾನೆ.
ಮಗಳು ತನ್ನ ದಿಂಬನ್ನೂ ಅಲ್ಲಿಗೇ ಎಳೆದುಕೊಂಡು ಹೋಗಿದ್ದಾಳೆ.
'ನಾನು ಮಾತ್ರ ಮಂಚದ ಮೇಲೆ. ಅಗಲ ಮಂಚ.'

ಮಾರ್ಚಿಯಲ್ಲಿ ಅವಳೇ ಓಡುತ್ತ ಬಂದಳು:
'ಕಾಲು ಬಂತು! ಬಲಗಡೆಯ ಬೂಟು ಕೊಡಿ.'
ಕಪಾಟಿನಲ್ಲಿ ಕಪ್ಪು ಇತ್ತು. ಹ್ನಾತ್ ತಲೆಯಾಡಿಸಿದ,
ಕಂದು ಬೇಕು, ಮಗಳ ಶಾಲೆಗೆ ನಡೆದು ಹೋಗಬೇಕು.

ಕಂದು ಕ್ರಿವಿ ರೀಹ್‌ನಲ್ಲಿ ನಡೆಯುತ್ತಿತ್ತು.

ಫೋನು ಮಾಡಿದೆ. ಸೆವೆರಿನ್ ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಕೇಳಿದ, 'ಅವನ ಹಿಮ್ಮಡಿ ಯಾವ ಕಡೆ ಸವೆದಿದೆ?'
'ಹೊರಗಡೆ.'
'ನನ್ನದೂ.'

ಐದನೇ ದಿನ ಅಂಚೆಯಲ್ಲಿ ಬಂತು, ಪಾಲಿಶ್ ಹಾಕಿದ್ದು,
ಹೊಸ ಲೇಸು, ಒಳಗೆ ತುರುಕಿದ ಪತ್ರಿಕೆಯಂಚಿನಲ್ಲಿ ಪೆನ್ಸಿಲ್ ಅಕ್ಷರ:
'ನನಗೆ ಯಾವುದಾದರೂ ಬಲಗಾಲಿನದು ಕಳಿಸಿ.
ಬಣ್ಣ ನೋಡಬೇಡಿ. ನನಗಿನ್ನೂ ಹೋಗಬೇಕಾದ ಶಾಲೆಯಿಲ್ಲ.'

ಕೃತಕ ಪಾದಕ್ಕೆ ಏನೂ ತಿಳಿಯುವುದಿಲ್ಲವಲ್ಲ,
ಹ್ನಾತ್ ತೊಡುವ ಮೊದಲು ಒಳಗೆ ಕೈ ಹಾಕಿ ತಡವಿದ.
ಹೆಬ್ಬೆರಳು ಒತ್ತಿದ ಕುಳಿ ಸಿಕ್ಕಿತು.
ಅಲ್ಲಿಯೇ ಬೆರಳಿಟ್ಟು ಕೂತ. ಒರಿಸ್ಯಾ ಹೊರಗೆ ಹೋದಳು.

ಕಪ್ಪು ಬೂಟಿಗೆ ಅಂಚೆವೆಚ್ಚ ಬರೆದುಕೊಂಡೆ.

ಇವತ್ತು ಖಾತೆಯಲ್ಲಿ ಹೊಸ ಸಾಲು ಎಳೆಯಬೇಕಾಯಿತು,
ಮೂವತ್ತೇಳು, ಎಡ. ಗಾಯಾಳುಗಳನ್ನು ಹೊತ್ತು ತರುತ್ತಿದ್ದವಳು.
ಎತ್ತರದ ಹಿಮ್ಮಡಿಯದು ಇದೆಯೇ ಎಂದಳು, ಕೆಂಪಾದರೆ ಇನ್ನೂ ಒಳ್ಳೆಯದು.
ನೋಡುತ್ತೇನೆ ಎಂದೆ.