ಯಾವ ಬಳಿ?

ಈ ವಾರ ತೇಗವನ್ನು ಸಾಗಿಸಿದೆ.
ಹೊತ್ತದ್ದು ಮರವನ್ನಲ್ಲ, ನಲ್ವತ್ತಾರು ಹಾಳೆ,
ಒಂದೊಂದರಲ್ಲಿ ಒಂದೊಂದು ಒಣ ಎಲೆ,
ಮುಟ್ಟಿದರೆ ಬೆಕ್ಕಿನ ನಾಲಗೆ.
ಹದಿನೇಳನೇ ಕಪಾಟಿನಿಂದ ಹತ್ತೊಂಬತ್ತಕ್ಕೆ,
ಲಂಟಾನದ ಮನೆಯಿಂದ ತುಳಸಿಯ ಮನೆಗೆ.

ಮೂವತ್ತೆಂಟು ವರ್ಷದಿಂದ ಈ ಕೋಣೆಯಲ್ಲಿದ್ದೇನೆ.
ಕೆಳಗೆ ಬಾವುಟಗುಡ್ಡೆಯ ಬಸ್ಸುಗಳ ಹಾರ್ನು,
ಒಳಗೆ ನುಸಿಗುಳಿಗೆಯ ವಾಸನೆ.
ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ
ಕಪಾಟಿಗೊಂದು ನಲ್ವತ್ತು ಕ್ಯಾಂಡಲಿನ ಬಲ್ಬು ಉರಿಸಿ
ಸತ್ತ ಗಿಡಗಳನ್ನು ಬೆಚ್ಚಗಿಡುವುದು ನನ್ನ ಉದ್ಯೋಗ.

'ಅಷ್ಟು ದೊಡ್ಡ ಮರಕ್ಕೂ ಅಂಗಳದ ತುಳಸಿಗೂ
ಎಂತ ಸಂಬಂಧ ಮಾರಾಯ್ತಿ?'
ಮಿಸ್ರಿಯಾ ತೇಗದ ಎಳೆಗೆಲ್ಲೊಂದನ್ನು ಕೈಗಿಟ್ಟಳು:
'ಕಣ್ಣು ಮುಚ್ಚಿ, ಬೆರಳಲ್ಲಿ ತಿರುಗಿಸಿ.'
ನಾಲ್ಕು ಮೂಲೆ.
ತುಳಸಿಯ ಕಡ್ಡಿಗೂ ನಾಲ್ಕು. ನೆಕ್ಕಿಗೂ.
ಅರೆ, ಎಂದೆ.
ಅವಳು ನಕ್ಕಳು: 'ಲಂಟಾನಕ್ಕೂ ನಾಲ್ಕೇ.
ಅದು ಬರಲಿಲ್ಲ.'

ಬೆರಳು ಹೇಳಿದ್ದು ಸುಳ್ಳಲ್ಲ,
ಪೂರ್ತಿಯೂ ಅಲ್ಲ.

ಐತಪ್ಪ ಮಾವ ಆಟಿ ಅಮಾವಾಸ್ಯೆಯ ಕತ್ತಲಲ್ಲಿ
ಪಾಲೆಯ ಕೆತ್ತೆಗೆ ಹೋಗುವರು.
ದೀಪವಿಲ್ಲ, ಕತ್ತಿಯಿಲ್ಲ, ಕೈಯಲ್ಲೊಂದು ಬೆಣಚುಕಲ್ಲು.
ಮೊದಲು ಎಲೆ ಎಣಿಸುವರು, ಗಂಟಿಗೆ ಏಳು;
ಆಮೇಲೆ ಎಲೆ ಮುರಿದು ಹಾಲು ಮೂಸುವರು;
ಆಮೇಲೂ, ಹಿಂದಿನ ಸಂಜೆ ತಾವೇ ಕಟ್ಟಿಟ್ಟ ಬಳ್ಳಿಗೆ ತಡಕುವರು.
ಮೂರೂ ಕೂಡದೆ ಕಲ್ಲೆತ್ತಿದವರಲ್ಲ.
ಆಚೆ ಊರಲ್ಲೊಬ್ಬ ಒಂದನ್ನೇ ನಂಬಿ
ಕಾಸರಕನ ಕೆತ್ತೆ ತಂದಿದ್ದ.
ಆ ಮನೆಯ ಮಧ್ಯಾಹ್ನದ ಸುದ್ದಿ ಬೇಡ.

ಮಿಸ್ರಿಯಾ ಕತ್ತರಿಸುವುದು ಅಕ್ಕಿಕಾಳಿನಷ್ಟು ಎಲೆ.
ಅರೆದು, ಸೋಸಿ, ತೊಳೆದು ಯಂತ್ರಕ್ಕೆ ಕೊಟ್ಟರೆ
ನಾಲ್ಕೇ ಅಕ್ಷರಗಳ ಉದ್ದದ ಸಾಲು ಬರುತ್ತದೆ,
ಚುಕ್ಕಿಯಿಲ್ಲ, ಉಸಿರಿಗೆ ಜಾಗವಿಲ್ಲ.
'ಇದು ಎಲೆಯ ಹಸಿರು ಕಣದ್ದು' ಎಂದಳು,
'ಹೆಚ್ಚಿನ ಹೂಗಳಲ್ಲಿ ತಾಯಿಯಿಂದ ಮಾತ್ರ ಬರುವುದು.
ಪರಾಗ ಎಲ್ಲಿಂದ ಹಾರಿ ಬಂದರೂ ಇದಕ್ಕೆ ಲೆಕ್ಕವಿಲ್ಲ.'

ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ನಮ್ಮ ಬಳಿಯೂ ಅಮ್ಮನಿಂದಲೇ.
ಎಂಬತ್ತೊಂಬತ್ತರಲ್ಲಿ ಕಾಪುವಿಗೆ, ಜಲಜಾಕ್ಷಿಯನ್ನು ನೋಡಲು ಹೋದಾಗ
ಅವಳಿಗೂ ನನಗೂ ಎಲ್ಲಿಯೂ ಹೋಲಿಕೆಯಿರಲಿಲ್ಲ:
ಅವಳದು ನೀಳ ಮೂಗು, ನನ್ನದು ಇದು.
ವೀಳ್ಯದ ಹರಿವಾಣ ಮುಂದೆ ಸರಿಸುವ ಮೊದಲು
ಹಿರಿಯರು ಬಳಿ ಕೇಳಿದರು. ಹೇಳಿದೆವು.
ಹರಿವಾಣ ಅಲ್ಲೇ ನಿಂತಿತು.
'ತಂಗಿಯಲ್ಲವೋ ನಿನಗೆ!' ಎಂದು ನಕ್ಕರು.
ಗೋಳಿಬಜೆ ತಿಂದು, ಚಹಾ ಕುಡಿದು, ಬಸ್ಸು ಹತ್ತಿದೆವು.

ಈಗ ಮೇಜಿನ ಮೇಲೆ ರೆಬೆಲ್ಲೊ ಮಾಸ್ತರರ ಹಾಳೆ.
ಆಗಸ್ಟ್ ೧೯೬೧, ಬೊಂದೇಲಿನಾಚೆಯ ಪದವು,
ಬೆರಳುದ್ದದ ಗಿಡ, ನೇರಳೆ ತುಟಿಯ ಹೂವೆಂದು ಬರೆದಿದೆ,
ಹೂವಿಗೀಗ ಚಹಾದ ಬಣ್ಣ.
ಅವರೊಂದು ಹೆಸರಿಟ್ಟು ಪ್ರಶ್ನೆಚಿಹ್ನೆ ಹಾಕಿದ್ದಾರೆ.
ಎಪ್ಪತ್ತಾರರಲ್ಲಿ ಬಂದವರು ಬೇರೆ ಹೆಸರಿಟ್ಟರು,
ಪ್ರಶ್ನೆಯಿಲ್ಲದೆ.
ಮಿಸ್ರಿಯಾಳ ಸಾಲು ಇಬ್ಬರನ್ನೂ ಒಪ್ಪುತ್ತಿಲ್ಲ.
ಇದರ ಅಕ್ಕ ಎಲ್ಲೋ ತೊರೆಯಂಚಿನ ಎದೆಮಟ್ಟದ ಪೊದೆಯಂತೆ,
ಮುಖಕ್ಕೆ ಮುಖ ಬರುವುದಿಲ್ಲ.
ಆದರೆ ಇವತ್ತು ಬೀಜಗಳನ್ನು ಮಸೂರದಡಿ ಹಿಡಿದರೆ
ಎರಡರ ಸಿಪ್ಪೆಯಲ್ಲೂ ಅದೇ ಜೇನುಹುಟ್ಟಿನ ಕಿಂಡಿಗಳು,
ಅರುವತ್ತು ವರ್ಷ ಯಾರೂ ನೋಡದ್ದು.

'ಹಸಿ ಹೂ ಒಂದು ಸಿಕ್ಕಿದ್ದರೆ' ಎನ್ನುತ್ತಾಳೆ.
ಪದವಿನಲ್ಲಿ ಈಗ ಏಳು ಮಹಡಿ, ಅಡಿಯಲ್ಲಿ ಕಾರುಗಳು.
ಆದರೂ ಕಾಂಪೌಂಡಿನ ಹಿಂದೆ ಒಂದು ತುಂಡು ಮುರಕಲ್ಲು ಬಾಕಿ ಉಂಟು,
ಮಳೆಗೆ ನೀರು ನಿಲ್ಲುತ್ತದೆ.
ಭಾನುವಾರ ಹೋಗುವುದೆಂದು ಆಗಿದೆ.

ಹಳೆಯ ಚೀಟಿ ಕೀಳಬಾರದು, ಇದು ಇಲ್ಲಿಯ ಕಟ್ಟಳೆ.
ತಪ್ಪಿದ್ದರೂ ಬರೆದವನ ಕೈ ಹಾಳೆಯಲ್ಲಿರಬೇಕು.
ಮೂರನೆಯದನ್ನು ಎರಡರ ಕೆಳಗೆ ಅಂಟಿಸಿದೆ,
ಮೈಲುತುತ್ತು ಬೆರೆಸಿದ ಮೈದಾ ಅಂಟಿನಿಂದ.
ಒಣಗುವವರೆಗೆ ಹಾರದಿರಲೆಂದು
ಮೇಲೊಂದು ಬೆಣಚುಕಲ್ಲು.