ಎರವಲು ಪಾನಾ

ದೇವಿಮನೆ ಘಟ್ಟದ ಮೂರನೇ ತಿರುವಿನಲ್ಲಿ
ಓಮ್ನಿಯ ಕ್ಲಚ್ಚು ಸುಟ್ಟಿತು.
ಹಿಂದೆ ಆರು ಕ್ರೇಟು ಬಂಗಡೆ, ಕರಗುವ ಮಂಜುಗಡ್ಡೆ,
ಶಿರಸಿಯಲ್ಲಿ ಕಾಯುವ ಗಿರಾಕಿ.
ಸುಟ್ಟ ವಾಸನೆಗಿಂತ ಮೊದಲು ಬಂದದ್ದು
ಹಿಂದಿನ ಲಾರಿಯವನ ನಗು.

ಕಾರವಾರದ ಗ್ಯಾರೇಜಿನವ ಹನ್ನೊಂದು ಸಾವಿರ ಎಂದ.
ಸಾಮಾನು ಮೂರೂವರೆ, ಉಳಿದದ್ದು ಕೈಯ ಕೂಲಿ.
ಕೈ ನನಗೂ ಎರಡಿವೆ ಅಂದು ಬಂದುಬಿಟ್ಟೆ.
ಅರ್ಧ ದಾರಿಯಲ್ಲಿ ಹೊಳೆಯಿತು:
ಕೈ ಇವೆ,
ಪಾನಾ ಇಲ್ಲ.

ಕೋಡಿಬಾಗದ ಕೇರಿ ಸುತ್ತಿದೆ, ಹೆಪ್ಪು ಕೇಳುವವಳ ಹಾಗೆ.
ಹತ್ತು, ಹನ್ನೆರಡು ಇನಾಸನ ದೋಣಿಯ ಪೆಟ್ಟಿಗೆಯಿಂದ,
ಉಪ್ಪುಗಾಳಿಗೆ ಅಂಕಿ ಅಳಿಸಿಹೋಗಿ
ಬೋಲ್ಟಿಗೆ ಹಚ್ಚಿ ನೋಡಿಯೇ ಹೆಸರು ಹೇಳಬೇಕು.
ಹದಿನಾಲ್ಕರದು ರೋಹಿದಾಸ ಬಾನಾವಳಿಯದು,
ಕೊಡುವಾಗ ಮೂರು ಸಲ ಎಣಿಸಿದ,
ಇದ್ದದ್ದು ಒಂದೇ.

ಜಾಕು ಕೊಟ್ಟ ಪಂಕ್ಚರ್ ಅಂಗಡಿ ಜಾಫರ
ಕೈಬಿಡುವ ಮೊದಲು ಹೇಳಿದ:
‘ಬಾಯೀ, ಇದು ಎತ್ತುತ್ತೆ, ಹೊರೋದಿಲ್ಲ.
ಇದನ್ನು ನಂಬಿ ಅಡಿಗೆ ಮಲಗಬೇಡ.’
ಚಿರೆಕಲ್ಲು ಇಡಲೇ?
‘ಅದು ಗೋಡೆಗೆ. ಭಾರ ಒಂದೇ ಮೂಲೆಗೆ ಬಿದ್ದರೆ
ಒಣರೊಟ್ಟಿ ಮುರಿದ ಹಾಗೆ.’
ಬೈತಖೋಲದ ಹಳೇ ಧಕ್ಕೆಯ ನಾಲ್ಕು ದಿಮ್ಮಿ ಹೊರಿಸಿ ಕಳಿಸಿದ.
ಎಲ್ಲಿಂದ ಬಂದವು ಎಂದು ನಾನು ಕೇಳಲಿಲ್ಲ.

ಎಣ್ಣೆ ಹಿಡಿಯಲು ಮೀನಿನ ಟಬ್ಬು.
ಬೋಲ್ಟು ಇಡಲು ಕಲ್ವಾ ಚಿಪ್ಪು, ಒಂದೊಂದು ಜಾಗದ್ದು ಒಂದೊಂದರಲ್ಲಿ.
ಶಾಫ್ಟು ಬಿಚ್ಚಿದ ಕಡೆ ಗುರುತಿಗೆ
ಮಗಳ ನೇಲ್ ಪಾಲಿಶ್, ಗುಲಾಬಿ.
(ಅವಳು ಇನ್ನೂ ಮಾತು ಬಿಟ್ಟಿದ್ದಾಳೆ.)
ಗೇರ್‌ಬಾಕ್ಸು ಒಮ್ಮೆಲೇ ಎದೆಗೆ ಬೀಳದಂತೆ
ಬಲೆಯ ಹಗ್ಗದ ತೊಟ್ಟಿಲು.

ಬ್ಯಾಟರಿ ಹಿಡಿದವಳು ಅತ್ತೆ.
ಬುಟ್ಟಿ ಹೊತ್ತು ಮೂವತ್ತು ವರ್ಷ ನಡೆದವಳು,
ಗಾಡಿಯ ಮುಂದಿನ ಸೀಟಲ್ಲಿ ಇಂದಿಗೂ ಕೂರದವಳು.
ಬೆಳಕು ಬೋಲ್ಟಿನ ಮೇಲೆ ನಿಲ್ಲುವುದೇ ಇಲ್ಲ,
ಜಾರಿ ಜಾರಿ ನನ್ನ ಮೋರೆಗೆ.
‘ಅತ್ತೆ, ಮೇಲೆ ಹಿಡಿ, ಮೇಲೆ!’
‘ಹಿಡಿದೆ, ಹಿಡಿದೆ.
ನೀ ಜೀವಂತ ಇದ್ದೀಯೋ ನೋಡಿದೆ.’

ಇಳಿಯಿತು.
ಹಳೇ ಪ್ಲೇಟು, ತಳ ಹಿಡಿದ ದೋಸೆ.
ಹೊಸದನ್ನು ಇಟ್ಟಾಗ ತಿಳಿಯಿತು
ಇನ್ನೊಂದು ಹತಾರು ಬೇಕು, ಕೇರಿಯಲ್ಲಿ ಯಾರಲ್ಲೂ ಇಲ್ಲದ್ದು:
ಪ್ಲೇಟನ್ನು ನಡುಮಧ್ಯಕ್ಕೆ ನಿಲ್ಲಿಸುವ ಒಂದು ಗೂಟ.
ಕೂದಲೆಳೆ ಸರಿದರೂ ಗೇರ್‌ಬಾಕ್ಸು ಮತ್ತೆ ಒಳಗೆ ಬಾರದು.

ದೋಣಿ ಕೆತ್ತುವ ವಿಠೋಬ ಮೇಸ್ತ ಬಂದ.
ಟೇಪು ತರಲಿಲ್ಲ. ತೂತಿಗೆ ಕಿರುಬೆರಳು ಹಾಕಿದ,
ಆಮೇಲೆ ಉಂಗುರದ ಬೆರಳು,
ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದ.
ನಮ್ಮ ಮಾಡಿನಲ್ಲಿ ಸಿಕ್ಕಿಸಿದ ಮುರಿದ ಹುಟ್ಟು ಎಳೆದು
ಉಳಿ ಹಿಡಿದು ಕೂತ.
ಎರಡು ಅಳತೆ, ಒಂದೇ ಗೂಟ:
ತುದಿ ಸಪೂರ, ಬುಡ ಒಂದಿಷ್ಟು ದಪ್ಪ.
ಕೊಬ್ಬರಿ ಎಣ್ಣೆ ಸವರಿ ತಳ್ಳಿದ,
ಟಕ್ ಎಂದು ಕೂತಿತು.
‘ಮೋಟಾರಿನ ಕೆಲಸ ಮೊದಲ ಸಲ,’ ಎಂದ,
ಹೋಗುವಾಗ ಎರಡು ಸಲ ತಿರುಗಿ ನೋಡಿದ.

ಸುತ್ತಲಿನ ಆರು ಬೋಲ್ಟು ಮಾತ್ರ
ಅತ್ತೆಯ ಬಾಯಿಮಾತಿನಂತೆ ಬಿಗಿದೆ:
ಉಪ್ಪುಮೀನಿನ ಭರಣಿಗೆ ಬಟ್ಟೆ ಕಟ್ಟುವ ಹಾಗೆ,
ಒಂದನ್ನು ಎಳೆದು ಅದರ ಎದುರಿನದ್ದು,
ಒಂದೇ ಸಲಕ್ಕೆ ಪೂರ್ತಿ ಅಲ್ಲ.

ಬೆಳಗಿನ ಜಾವ ರಿವರ್ಸ್ ಹಾಕಿ ಕಾಲು ಸಡಿಲಿಸಿದೆ.
ಗಾಡಿ ಒಂದು ಕ್ಷಣ ಯೋಚಿಸಿತು.
ಆಮೇಲೆ ಅಂಗಳದಿಂದ ಮೆಲ್ಲಗೆ ಹಿಂದೆ ಸರಿಯಿತು,
ಅತ್ತೆಯ ತುಳಸಿಕಟ್ಟೆಗೆ ನಾಲ್ಕು ಬೆರಳು ಉಳಿಸಿ.

ಪಾನಾಗಳೆಲ್ಲ ವಾಪಸು ಹೋದವು,
ಒಂದೊಂದಕ್ಕೂ ಅರ್ಧ ಡಜನ್ ಬಂಗಡೆ ಬಾಡಿಗೆ.
ರೋಹಿದಾಸ ಮತ್ತೆ ಎಣಿಸಿಕೊಂಡ.
ಒಂದು ಚಿಪ್ಪಿನಲ್ಲಿ ಬೋಲ್ಟು ಒಂದು ಉಳಿದಿದೆ,
ಅದರ ಮಾತು ಯಾರಿಗೂ ಹೇಳಿಲ್ಲ.

ಮೇಸ್ತನ ಗೂಟ ಈಗ ಅತ್ತೆಯ ಬಳಿ,
ಎಲೆ ಅಡಿಕೆ ಕುಟ್ಟಲು.
ಗ್ರೀಸಿನ ವಾಸನೆ ಎಂದು ದಿನಾ ಬೈಯುತ್ತಾಳೆ,
ಬೇರೆಯದು ತಂದುಕೊಟ್ಟರೆ
ಮುಟ್ಟುವುದಿಲ್ಲ.