ಗಂಟು

ಮೊದಲು ಬೈದದ್ದು ನಾನೇ.
ಮಹಡಿಯಿಂದ ಹುಳಿ ವಾಸನೆ ಇಳಿದು
ಜೆಪ್ಪುವಿನ ಅರ್ಧ ಓಣಿಗೆ ಗೊತ್ತಾಗಿತ್ತು.
ಎಂತ ಕೊಳೆಸ್ತೀ ಮಾರಾಯ್ತಿ, ಹೆಣವಾ?
ಇಯಾಬೊ ಬಾಲ್ದಿಯ ಮುಚ್ಚಳ ತೆಗೆದಳು:
ಬಂದರಿನಲ್ಲಿ ಕೋಳಿಗೆಂದು ತೂಗುವ ಜೋಳ,
ಮೂರು ದಿನದ ನೀರು, ಮೇಲೆ ನೊರೆ.
"ಓಗಿ" ಅಂದಳು.
ನನಗೆ "ಹೋಗಿ" ಎಂದು ಕೇಳಿಸಿತು.
ಹೋದೆ.

ಅದು ಇವರ ಗಂಟಲಿಗೆ
ಮೂವತ್ತೈದು ಸಲ ಕರೆಂಟು ಕೊಡುವ ಮೊದಲು.
ಹಂಚಿನ ಕಾರ್ಖಾನೆಯ ಕೆಂಪು ಧೂಳನ್ನು
ಇಪ್ಪತ್ತಾರು ವರ್ಷ ನುಂಗಿದ ಗಂಟಲು
ಈಗ ಕುಚ್ಚಲಕ್ಕಿಯ ಒಂದು ಅಗುಳಿಗೆ ಹೆದರುತ್ತದೆ.
ಗಂಜಿ ಅರೆದು ಕೊಟ್ಟೆ. ರಾಗಿ ಮಣ್ಣಿ ಕೊಟ್ಟೆ.
ಬೊಂಡ ತಂದೆ, ಅದರ ಗಂಜಿಯನ್ನೂ ಕೆರೆದು ಕೊಟ್ಟೆ.
ಗೋಡೆಯ ಕಡೆ ತಿರುಗಿ ಮಲಗುವರು.
ನಲವತ್ತೆರಡು ಕಿಲೋ,
ನರ್ಸ್ ಬರೆದುಕೊಂಡಳು.

ಅವತ್ತು ಮೆಟ್ಟಿಲು ಹತ್ತಿದೆ.

ಸೋಸುವ ಬಟ್ಟೆ ಹಳೆಯದಿರಬೇಕು ಆಂಟಿ, ಅಂದಳು.
ಒಗೆದು ಒಗೆದು ಗಾಳಿಯಂತಾದ ಇವರ ಮುಂಡು ಹರಿದೆ.
ಒಂದು ತುದಿ ಅವಳು, ಒಂದು ತುದಿ ನಾನು,
ಹಿಂಡಿದೆವು.
ಸಿಪ್ಪೆ ಪಕ್ಕದ ಮನೆಯ ಕೋಳಿಗೆ,
ಅದರ ಪಾಲು ಅದಕ್ಕೆ.
ರಾತ್ರಿಯಿಡೀ ಮುಟ್ಟಬಾರದು.
ಬೆಳಗ್ಗೆ ಮೇಲಿನ ತಿಳಿ ಚೆಲ್ಲಿದರೆ
ತಳದಲ್ಲಿ ಕೂತದ್ದು ಎಷ್ಟು ಮೆತ್ತಗೆ ಎಂದರೆ
ಬೆರಳಿಟ್ಟರೆ ಬೆರಳಿನ ಗೆರೆ ಮೂಡುತ್ತದೆ.

ಇಷ್ಟಾದ ಮೇಲೆ ನನ್ನ ಬುದ್ಧಿ ಓಡಿಸಿದೆ.
ನಲವತ್ತು ವರ್ಷ ಅಡಿಗೆ ಮಾಡಿದವಳು,
ಇವಳಿಂದ ಎಂತ ಕಲೀಲಿಕ್ಕುಂಟು?
ಕುದಿಯುವ ನೀರಿಗೆ ಹಾಗೇ ಸುರಿದೆ.
ಗಂಟು. ಗಂಟೆಂದರೆ ಗಂಟು,
ಗೋಲಿಯಾಟಕ್ಕೆ ಆಗುವಂಥದ್ದು.
ಇವರು ಒಂದು ಚಮಚ ಬಾಯಿಗಿಟ್ಟು
ನನ್ನ ಅಂಗೈಗೇ ಉಗಿದರು.

ಅವಳು ನಗಲಿಲ್ಲ. ಫೋನು ಒಲೆಯ ಪಕ್ಕ ಒರಗಿಸಿದಳು.
ಅದರೊಳಗಿಂದ ಅವಳ ಅಮ್ಮ,
ಇಬಾದಾನಿನ ರಸ್ತೆ ಬದಿಯಲ್ಲಿ
ಇದನ್ನೇ ಎಲೆಯಲ್ಲಿ ಕಟ್ಟಿ ಮಾರಿದವಳು,
ನನ್ನ ಕೈ ನೋಡಿ ಕೂಗುತ್ತಾಳೆ: ಜೆಜೆ! ಜೆಜೆ!
ನಮ್ಮ ಕೊಂಕಣಿಯ ಸವ್ಕಾಸ್ ಇರಬೇಕು.
ಮೊದಲು ತಣ್ಣೀರಲ್ಲಿ ಕದಡು.
ತಣ್ಣೀರಲ್ಲಿ ಬಿಡಿಸಿಕೊಂಡದ್ದು
ಬಿಸಿನೀರಿಗೆ ಬೆಚ್ಚುವುದಿಲ್ಲ.
ಆಮೇಲೆ ಕುದಿನೀರು, ದಾರದಷ್ಟು ಸಣ್ಣಗೆ,
ಕೈ ನಿಲ್ಲಬಾರದು,
ಬಾಗಿಲಲ್ಲಿ ಯಾರು ಕರೆದರೂ.

ಮೀನಿನವಳು ಕರೆದಳು. ನಿಲ್ಲಿಸಲಿಲ್ಲ.
ಮಂಕಾಗಿದ್ದದ್ದು ಒಮ್ಮೆಲೇ ಹೊಳೆಯಿತು,
ಸೌಟಿನ ಬೆನ್ನಿಗೆ ಅಂಟಿಯೂ ಅಂಟದ ಹಾಗೆ ಜಾರಿತು.

ಇವರ ಗಂಟಲ ಗುಬುಟು ಮೇಲೆ ಹೋಯಿತು, ಕೆಳಗೆ ಬಂತು.
ನಾನು ಎಣಿಸಿದೆ. ಹನ್ನೊಂದು ಚಮಚ.
ಆಮೇಲೆ ಹಂಚಿಗೆ ಹಂಚು ಉಜ್ಜಿದ ದನಿಯಲ್ಲಿ:
"ಉಪ್ಪಿನಕಾಯಿ ಎಲ್ಲಿ?"

ಕೊಡಲಿಲ್ಲ, ಡಾಕ್ಟರು ಬೇಡ ಅಂದಿದ್ದಾರೆ.
ಯಾವ ಡಾಕ್ಟರು, ಅಂದರು.
ಮಾತಿಗೆ ಮಾತು ಬೆಳೆಯಿತು,
ಮೂರು ತಿಂಗಳಲ್ಲಿ ಮೊದಲ ಜಗಳ.
ನಾನೂ ಏನೂ ಬಾಕಿ ಇಡಲಿಲ್ಲ.

ಮೇಲಿನಿಂದ ಇಯಾಬೊ ನೆಲಕ್ಕೆ ಕುಟ್ಟಿದಳು,
ನಾಳೆ ಪರೀಕ್ಷೆ ಉಂಟು, ಓದಬೇಕು ಅಂತ.